ಸುಲಿಯದ ಕಾಳು

ಭತ್ತ ಹಾಲುಗಟ್ಟುವಾಗ ಗದ್ದೆಗೊಂದು ವಾಸನೆ ಬರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಹಸಿ, ಎಳೆ ತೆಂಗಿನಕಾಯಿ ಒಡೆದ ಹಾಗೆ. ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. "ಬಾಪ್ಪು, ತೆನೆ ಬಂತು" ಎಂದು ಕೂಗಲು ಬಾಯಿ ತೆರೆದೇಬಿಟ್ಟಿದ್ದೆ...

ಬಾಪ್ಪು ಅಂದರೆ ಕೊಂಕಣಿಯಲ್ಲಿ ಚಿಕ್ಕಪ್ಪ. ರಕ್ತಸಂಬಂಧವೇನೂ ಇರಲಿಲ್ಲ, ನಮ್ಮೂರು ತ್ರಾಸಿಯಲ್ಲಿ ನೆರೆಮನೆಯವರು, ನನ್ನನ್ನು ಮಗಳ ಹಾಗೆ 'ಬಾಯ್' ಎಂದು ಕರೆಯುತ್ತಿದ್ದರು. ಸುತ್ತಲಿನವರೆಲ್ಲ ಬೇಸಾಯ ನಿಲ್ಲಿಸಿ ಗದ್ದೆ ಹಡಿಲು ಬಿಟ್ಟರೂ ಈ ಹಟಮಾರಿ ಮಾತ್ರ ತಮ್ಮ ತುಂಡು ಗದ್ದೆ ಬಿಟ್ಟಿರಲಿಲ್ಲ. ಮೊಂತಿ ಹಬ್ಬದ ದಿನ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿ ಮನೆಮನೆಗೆ ಹಂಚುವ ಹೊಸ ತೆನೆ ಅವರ ಗದ್ದೆಯದ್ದೇ ಆಗಬೇಕು. ಮನೆಮಾತು ಕೊಂಕಣಿಯಾದರೂ ಗದ್ದೆಗಿಳಿದರೆ ಕುಂದಾಪ್ರ ಕನ್ನಡವೇ. "ಈ ಮಣ್ಣಿಗೆ ಕೊಂಕಣಿ ಅರ್ಥ ಆತಿಲ್ಲೆ" ಎಂದು ನಗುತ್ತಿದ್ದರು.

ಕೊರೊನಾ ಬಂದ ವರ್ಷದ ಬೇಸಗೆಯಲ್ಲಿ ನನ್ನ ಗಂಡ ಮುಂಬೈಯಲ್ಲಿ ಅದಕ್ಕೇ ಹೋದ. ಹೋಟೆಲಿನ ಕೆಲಸದಲ್ಲಿದ್ದವನು. ಕೊನೆಗೆ ಮುಖ ನೋಡಲು ಸಿಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲೂ ಸಿಗಲಿಲ್ಲ. ಹೋಗಿ ಮೊಂಬತ್ತಿ ಹಚ್ಚೋಣವೆಂದರೆ ಊರಲ್ಲಿ ಅವನದೊಂದು ಸಮಾಧಿಯೂ ಇಲ್ಲ. ದೇವರ ಮೇಲೆ ನನಗೆ ಎಂಥಾ ಸಿಟ್ಟು ಬಂದಿತ್ತೆಂದರೆ, ಮನೆಯ ದೇವರ ಪೀಠ, ಅಲ್ತಾರಿನ ದೀಪ ಆರಿಸಿ, ಬಾಗಿಲು ಹಾಕಿಕೊಂಡು ಕೂತೆ. ನಾಲ್ಕು ವರ್ಷದ ಮಗಳ ತಲೆ ಬಾಚುವುದಕ್ಕೂ ಕೈ ಏಳುತ್ತಿರಲಿಲ್ಲ.

ಸಮಾಧಾನ ಹೇಳಲು ಬಂದವರೆಲ್ಲ ಬಂದು ಹೋದ ಮೇಲೆ, ಒಂದು ಮಳೆಯ ಬೆಳಿಗ್ಗೆ ಬಾಪ್ಪು ಅಂಗಳದಲ್ಲಿ ನಿಂತರು.

"ಹ್ವಾಯ್! ನಟ್ಟಿಗೆ ಜನ ಇಲ್ಲೆ. ಬತ್ಯಾ ಬಾಯ್?"

"ನಂಗ್ ಎಂತದೂ ಬ್ಯಾಡ ಬಾಪ್ಪು."

"ನಿಂಗ್ ಬ್ಯಾಡ, ನಂಗ್ ಬೇಕಲ್ದಾ? ಅಳುದಾರೆ ಗದ್ದೆಗ್ ಬಂದ್ ಅಳ್. ಹೆಂಗೂ ನೀರ್ ಬೇಕ್."

ಎಂಥ ಮನುಷ್ಯ ಮಾರಾಯ್ರೆ! ಸಿಟ್ಟಿನಲ್ಲೇ ಸೀರೆ ಎತ್ತಿಕಟ್ಟಿ ಹೋದೆ. ಸಂಜೆಯವರೆಗೆ ನೆಟ್ಟೆ. ಆ ರಾತ್ರಿ, ಎಷ್ಟೋ ದಿನಗಳ ಮೇಲೆ, ನಿದ್ರೆ ಬಂತು.

ನಟ್ಟಿಯಾಗಿ ತಿಂಗಳಾಗಿರಲಿಲ್ಲ, ಸೌಪರ್ಣಿಕೆ ಹೊಳೆ ಉಕ್ಕಿ ಗದ್ದೆ ನಾಲ್ಕು ದಿನ ಮುಳುಗಿತು. ನೀರಿಳಿದಾಗ ಎತ್ತರದ ಬದುವಿನ ಪಕ್ಕದ ಎರಡು ಸಾಲು ಬಿಟ್ಟರೆ ಉಳಿದದ್ದೆಲ್ಲ ಕೊಳೆತಿತ್ತು. "ಕಾಣಿ, ನಿಮ್ ದೇವ್ರ್ ಮಾಡಿದ್ದ್" ಎಂದು ಹಂಗಿಸಿದೆ. ಬಾಪ್ಪು ಶಿಲುಬೆಯ ಗುರುತು ಮಾಡಿ ಕೆಸರಿಗಿಳಿದರು, ಮಲಗಿದ್ದ ಪೈರನ್ನು ಒಂದೊಂದಾಗಿ ಎತ್ತಿ ನಿಲ್ಲಿಸತೊಡಗಿದರು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನಾನೂ ಇಳಿದೆ.

ಹಬ್ಬದ ದಿನ ಮನೆಗೊಂದೇ ತೆನೆ. ಮಗಳ ಹಟಕ್ಕೆ ಸೋತು ಇಗರ್ಜಿಯ ಬಾಗಿಲವರೆಗೆ ಹೋಗಿದ್ದೆ. ಮಧ್ಯಾಹ್ನ ಬಾಪ್ಪು ನಮ್ಮಲ್ಲಿ ಊಟಕ್ಕೆ ಬಂದರು. ತೆನೆಯ ಕಾಳು ಸುಲಿದು, ತಲೆಗೊಂದರಂತೆ ಹಾಲಿಗೆ ಹಾಕಿ ಕುಡಿದ ಮೇಲೆಯೇ ಊಟ. ಪರವೂರಲ್ಲಿ ಇರುವವರ ಕಾಳನ್ನು ಲಕೋಟೆಯಲ್ಲಿ ಕಳಿಸುವುದು ನಮ್ಮ ಪದ್ಧತಿ. ಮುಂಬೈಗೆ ನಾನು ಪ್ರತಿವರ್ಷ ಕಳಿಸುತ್ತಿದ್ದೆ. ಬಾಪ್ಪುವಿಗೊಂದು, ಮಗಳಿಗೊಂದು, ನನಗೊಂದು... ಕೈ ತನ್ನಷ್ಟಕ್ಕೆ ನಾಲ್ಕನೆಯದನ್ನೂ ಸುಲಿದಿತ್ತು.

ಅಂಗೈಯಲ್ಲಿ ಅದನ್ನಿಟ್ಟುಕೊಂಡು ಕೂತುಬಿಟ್ಟೆ. ಎಲ್ಲಿಗೆ ಕಳಿಸಲಿ?

ಬಾಪ್ಪು ಆ ಕಾಳನ್ನು ತೆಗೆದು ಮಗಳ ಹಾಲಿಗೆ ಹಾಕಿದರು. ಮತ್ತೆ ತೆನೆ ಹಿಡಿದು, ಉಗುರಲ್ಲಿ ಒತ್ತಿ ಒತ್ತಿ, ಚೆನ್ನಾಗಿ ಬಲಿತ ಒಂದು ಕಾಳನ್ನು ಸಿಪ್ಪೆ ಸಮೇತ ಬಿಡಿಸಿ ನನ್ನ ಕೈಗಿಟ್ಟರು.

"ಸುಲಿದದ್ ಮೊಳಕಿ ಬತ್ತಿಲ್ಲೆ ಬಾಯ್. ಅವ್ನ್ ಪಾಲ್ ಸುಲೀಬ್ಯಾಡ, ಬಿತ್ತ್. ಯೇಸು ಎದ್ದದ್ದ್ ನಂಬ್ತ್ಯಲ್ದಾ? ಹಂಗಾರೆ ಇವ ಏಳುದಿಲ್ಯಾ?"

ಆ ಹೊತ್ತಿಗೆ ನಂಬಿದೆನೋ ಇಲ್ಲವೋ, ಸುಳ್ಳು ಹೇಳಲಾರೆ. ಆದರೆ ಕಾಳನ್ನು ಲಕೋಟೆಯಲ್ಲಿಟ್ಟು, ಮುಂದಿನ ಮಳೆಗೆ ಬದುವಿನ ಮೂಲೆಯಲ್ಲಿ ನನ್ನ ಕೈಯಾರೆ ಮಣ್ಣಿಗೆ ಹಾಕಿದೆ. ಗಂಡನಿಗೆ ಹಾಕಲಾಗದ ಆ ಹಿಡಿ ಮಣ್ಣನ್ನು ಅದರ ಮೇಲೆ ಹಾಕಿದೆ. ಐದನೆಯ ದಿನ ಸೂಜಿಯಷ್ಟು ಹಸಿರು ಕಂಡಾಗ ಗದ್ದೆಯಲ್ಲೇ ನಿಂತು ಅತ್ತೆ, ಬಾಪ್ಪು ಹೇಳಿದ ಹಾಗೇ. ಮನೆಗೆ ಬಂದು ಅಲ್ತಾರಿನ ದೀಪ ಹಚ್ಚಿದೆ. ಅಲ್ಲಿಂದೀಚೆಗೆ ಅದು ಆರಿಲ್ಲ, ಪ್ರತಿ ಹಬ್ಬಕ್ಕೆ ಅವನ ಪಾಲಿನ ಒಂದು ಕಾಳು ಸುಲಿಯದೆ ಇಡುವುದೂ ತಪ್ಪಿಲ್ಲ.

ಈ ಬೇಸಗೆಯಲ್ಲಿ ಬಾಪ್ಪು ಹೋದರು. ಈ ಸಲದ ನಟ್ಟಿಗೆ ಅವರಿರಲಿಲ್ಲ. ನಾನೇ ಅಂಗಳ ಅಂಗಳದಲ್ಲಿ ನಿಂತು "ಹ್ವಾಯ್" ಎಂದು ಕೂಗಿ ಜನ ಸೇರಿಸಿದೆ. ಕೆಸರಲ್ಲಿ ಅವರಿಗೆ ಏನೋ ಹೇಳಲೆಂದು ತಿರುಗಿ ನೋಡುತ್ತೇನೆ, ಹಿಂದೆ ಯಾರೂ ಇರುವುದಿಲ್ಲ... ಸಂಕಟವಾಗುತ್ತದೆ, ಯಾಕೆ ಮುಚ್ಚಿಡಲಿ.

ನಾಳೆ ಮೊಂತಿ ಹಬ್ಬ. ಕೊಯ್ದ ತೆನೆಯನ್ನು ಇಗರ್ಜಿಗೆ ಮುಟ್ಟಿಸಿ ಬಂದೆವು. ದಾರಿಯಲ್ಲಿ ಮಗಳು ಕೇಳಿದಳು.

"ಮಮ್ಮಾ, ಈ ಸಲ ಸುಲೀದೆ ಇಡುದ್ ಒಂದಾ, ಎರಡಾ?"

"ಎರಡ್" ಎಂದೆ.