ಆ ನೀರು ಬಿಟ್ಟವಳು ಛಬುಬಾಯಿ

ಕವಠೆಪೇಠದ ಟೇಕಡಿ ಗಲ್ಲಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಮಾರುತಿ ಗುಡಿಯ ಎದುರಿನ ರಸ್ತೆಯಲ್ಲಿ ಛಬುಬಾಯಿ ಕೋಳೇಕರ್ ಬಗ್ಗಿ ಕಬ್ಬಿಣದ ಮುಚ್ಚಳ ಸರಿಸುತ್ತಾರೆ. ಗುಂಡಿಯೊಳಗೆ ಕೂತಿದ್ದ ಕಪ್ಪೆಗೆ 'ಏಳಪಾ, ನಿದ್ದಿ ಸಾಕು' ಎನ್ನುತ್ತಾರೆ. ಸೀರೆಯ ಕಚ್ಚೆ ಬಿಗಿಮಾಡಿ, ತಮ್ಮ ಭುಜದೆತ್ತರದ ಚಾವಿಯನ್ನು ಒಳಗಿಳಿಸಿ ವಾಲ್ವಿಗೆ ಕೂರಿಸುತ್ತಾರೆ. ಆದರೆ ತಿರುಗಿಸುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಮೊದಲು ನೀರಿನ ಸುದ್ದಿ ಸಾರುವ ಸರ್ಜೇರಾವ್ ಪಾಟೋಳೆಯ ರಿಕ್ಷಾ ಹೋಗಬೇಕು.

ರಿಕ್ಷಾ ಬರುತ್ತದೆ. ಮೇಲೆ ಕಟ್ಟಿದ ಭೋಂಗಾ ಮೈಕಿನಿಂದ ನಗರಪಾಲಿಕೆಯ ದನಿ ಹೊರಡುತ್ತದೆ. 'ಕೇಳ್ರಿ ಹೋ ಕೇಳ್ರಿ! ಟೇಕಡಿ ಗಲ್ಲಿ ಅಕ್ಕ-ತಂಗ್ಯಾರ, ನೀರು ಬರಾಕತ್ತೈತಿ! ಇವತ್ತ ತುಸು ರಾಡಿ ಐತಿ, ಸೋಸಿ ಕುಡೀರಿ. ತಳಗಲ್ಲಿ ತಿರುವಿನಾಗ ರಸ್ತೆ ಅಗದಾರ, ಹುಡುಗ್ರನ್ನ ಆ ಕಡೆ ಬಿಡಬ್ಯಾಡ್ರಿ!' ಬಾಗಿಲುಗಳು ತೆರೆಯುತ್ತವೆ, ಕೊಡಗಳು ಹೊರಬರುತ್ತವೆ. 'ದಾದಾ, ಚಹಾ ಕುಡದ ಹೋಗ್ರಿ' ಎಂದು ಮೂರು ಮನೆಯಿಂದ ಕರೆ ಬರುತ್ತದೆ. ಚಾವಿ ಹಿಡಿದು ನಿಂತವಳ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಅವಳನ್ನು ನೋಡುವುದು ನೀರು ನಿಂತಾಗ. 'ಇಷ್ಟು ಲಗೂ ಬಂದ್ ಮಾಡಿದ್ಯಲ್ಲ ಛಬೆ, ನಿನ್ನ ಕೈ ಸೇದಿ ಹೋಗ್ಲಿ!' ಎಂದು ಅದೇ ಬಾಗಿಲುಗಳಿಂದ ಶಾಪ ಬರುತ್ತದೆ. ಛಬುಬಾಯಿ ಮುಚ್ಚಳ ಎಳೆಯುತ್ತ, ಪತ್ರಿಕೆಗೆ ಬರೆಯಲೆಂದು ಜೊತೆಗೆ ನಿಂತ ನನಗೆ ಹೇಳುತ್ತಾರೆ: 'ನೀರು ಬಂತಂದ್ರ ಸರ್ಜೇರಾವ್ ತಂದಾ. ನಿಂತಂದ್ರ ಛಬಿ ನಿಲ್ಲಿಸಿದ್ಳು. ಹೆಂಗೈತಿ ನ್ಯಾಯ?'

ಈ ಗಲ್ಲಿಯಲ್ಲಿ ಸಂಸಾರ ಹೂಡಿ ನಾನೂ ಹಳಬನಾಗಿದ್ದೇನೆ. ನೀರಿನಿಂದ ಹುಟ್ಟುವ ಹೊಟ್ಟೆಕಿಚ್ಚು ನನಗೂ ಹೊಸದಲ್ಲ. ನಮ್ಮದು ಏರಿನ ಮೇಲಿನ ಗಲ್ಲಿ, ನಲ್ಲಿಯಲ್ಲಿ ನೀರು ಆಡಿನ ಬಾಲದಷ್ಟು. ತಳಗಲ್ಲಿಯವರು ಅದೇ ಹೊತ್ತಿಗೆ ಅಂಗಳ ತೊಳೆದು, ಎಮ್ಮೆ ತೊಳೆದು, ಮಿಕ್ಕಿದ್ದರಲ್ಲಿ ಸ್ಕೂಟರನ್ನೂ ತೊಳೆಯುತ್ತಾರೆ. ಆ ಸ್ಕೂಟರ್ ಕಂಡಾಗಲೆಲ್ಲ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ತಳಗಲ್ಲಿಯವರಿಗೋ, ನಮ್ಮಲ್ಲಿ ಗಾಳಿ ಬರುತ್ತದೆಂಬ ಹೊಟ್ಟೆಯುರಿ. ಈ ಎರಡು ಗಲ್ಲಿಗಳ ನಡುವೆ ಚಾವಿ ತಿರುಗಿಸುವವರಿಗೆ ಎರಡೂ ಕಡೆಯ ಬೈಗುಳ ಖಾಯಂ.

ಚಾವಿ ಮೊದಲು ಗಂಡ ಬಾಳಕು ಅವರ ಕೈಯಲ್ಲಿತ್ತು. ಅವರು ಜ್ವರಕ್ಕೆ ತೀರಿಕೊಂಡ ಮೇಲೆ ಅನುಕಂಪದ ನೌಕರಿಯೆಂದು ಛಬುಬಾಯಿಗೆ ಕಚೇರಿಯ ಕಸ ಗುಡಿಸಲು ಹೇಳಿದರು. ಇವರು ಒಪ್ಪಲಿಲ್ಲ. 'ಕಸಬರಗಿ ಮನಿಯಾಗೂ ಐತಿ. ಗಂಡನ ಚಾವಿ ಕೊಡ್ರಿ ಅಂದೆ. ಸಾಹೇಬ್ರು ನಕ್ರು. ಒಂದ್ಸಲ ತಿರುವಿ ತೋರಿಸಿದೆ, ನಗು ನಿಂತಿತು' ಎನ್ನುತ್ತಾರೆ. ಅಂಗೈಯ ಗಂಟುಗಳನ್ನು ಕೇಳದೆಯೇ ತೋರಿಸುತ್ತಾರೆ. ಮಳೆಗಾಲದಲ್ಲಿ ಗುಂಡಿ ತುಂಬಿದರೆ ಸೊಂಟದವರೆಗೆ ಇಳಿಯಬೇಕು. ಒಮ್ಮೆ ಅಲ್ಲಿ ಹಾವೂ ಇತ್ತು. ಆ ಹಾವಿನ ಕತೆ ಕೇಳಲು ಬಂದವರೂ ಅದನ್ನು ಸರ್ಜೇರಾವ್ ಬಾಯಿಂದಲೇ ಕೇಳಿದರಂತೆ. 'ಹಾವು ಕಂಡಾಕಿ ನಾ. ಕತಿ ಹೇಳಾಂವ ಅಂವಾ.'

ಈ ಸಲ ಗಣಪತಿ ಹಬ್ಬದಲ್ಲಿ ಗಲ್ಲಿಯ ಮಂಡಳದವರು ಸರ್ಜೇರಾವ್‌ಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. 'ನಮಗೆ ನೀರುಣಿಸುವ ದೇವರಂಥ ಮನುಷ್ಯ' ಎಂದು ಅಧ್ಯಕ್ಷರು ಭಾಷಣ ಮಾಡಿದರು. ಛಬುಬಾಯಿ ಹೆಂಗಸರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತ ನನ್ನ ಹೆಂಡತಿ 'ಪಾಪ, ಎಷ್ಟು ಒದರ್ತಾರ ಅವ್ರು, ಅಲ್ಲ ವೈನಿ?' ಎಂದು ಇವರನ್ನೇ ಕೇಳಿದಳಂತೆ.

'ಹೊಟ್ಟಿಕಿಚ್ಚ ಆತೇನಂತ ಕೇಳ್ತೀರಿ? ಆತು. ಸುಳ್ಳ ಯಾಕ ಹೇಳ್ಲಿ? ಆ ರಾತ್ರಿ ಭಾಕರಿ ಬುಟ್ಯಾಗs ಉಳೀತು. ಒಂದ ದಿನ ಅವನ ದನಿ ಇಲ್ದ ನೀರು ಬರ್ಲಿ, ಆಗ ತಿಳೀತೈತಿ ಇವ್ರಿಗೆ ನೀರು ಎಲ್ಲಿಂದ ಬರ್ತೈತಂತ, ಅಂದ್ಕೊಂಡೆ.'

ನಮ್ಮೂರಿನ ಪದ್ಧತಿ ಗೊತ್ತಿದ್ದೂ ಅವರು ಮರೆತರು. ಇಲ್ಲಿ ನಲ್ಲಿಗಳೆಲ್ಲ ಮನೆಯ ಮುಂದಿನ ತಗ್ಗಿನಲ್ಲಿವೆ, ತಿರುಪು ಕಿತ್ತುಹೋಗಿ ಯಾವ ಕಾಲವಾಯಿತೋ. ಸರ್ಜೇರಾವ್ ಕೂಗದೆ ಯಾರೂ ಆ ಕಡೆ ಹೋಗುವುದಿಲ್ಲ. ಹಬ್ಬ ಮುಗಿದ ಮೇಲಿನ ಮೊದಲ ನೀರಿನ ಪಾಳಿಯ ದಿನ ಛಬುಬಾಯಿ ರಿಕ್ಷಾಕ್ಕೆ ಕಾಯದೆ ಚಾವಿ ತಿರುಗಿಸಿದರು. ಹಿಂದೆ ಒಮ್ಮೆಯೂ ಅಷ್ಟು ರಭಸವಾಗಿ ತಿರುಗಿಸಿರಲಿಲ್ಲವಂತೆ. ನೀರು ಬಂತು. ಒಂದು ಬಾಗಿಲೂ ತೆರೆಯಲಿಲ್ಲ. ತಗ್ಗುಗಳು ತುಂಬಿದವು, ಚರಂಡಿ ತುಂಬಿತು, ಏರಿನಿಂದ ಇಳಿದು ನೀರು ತಳಗಲ್ಲಿಯ ಕಡೆಗೆ ಹೊರಟಿತು. ನಾನು ಎಚ್ಚರವಾಗಿಯೇ ಇದ್ದೆ. ಸದ್ದು ಕೇಳಿ 'ಎಲ್ಲೋ ಪೈಪು ಒಡೆದಿದೆ' ಎಂದು ಮಗ್ಗುಲು ಬದಲಿಸಿದೆ.

'ನೀರು ಬಂದೈತ್ರೇ ಅಂತ ನಾನs ಒದರಿದೆ' ಎನ್ನುತ್ತಾರೆ ಛಬುಬಾಯಿ. 'ಶಿಂದೆ ಮುದುಕಿ ಕಿಡಕ್ಯಾಗ ಮಾರಿ ಹಾಕಿ, ಸರ್ಜೇರಾವ್ ಇನ್ನೂ ಬಂದಿಲ್ಲಲ್ಲ, ಹೆಂಗ ಬರ್ತೈತಿ ನೀರು, ಅಂದು ಕಿಡಕಿ ಹಾಕ್ಕೊಂಡ್ಳು. ಅಕಿ ನಲ್ಲಿ ನನ್ನ ಕಣ್ಮುಂದ ಹರೀತಿತ್ತು.'

ಸರ್ಜೇರಾವ್ ತನ್ನ ಹೊತ್ತಿಗೆ ಬಂದು ಕೂಗಿದಾಗ ಗಲ್ಲಿಗೆ ನೀರು ಕೊಡುವ ಟಾಕಿ ತಳ ಕಂಡಿತ್ತು. ಬಿಂದಿಗೆ ಹಿಡಿದು ಬಂದವರಿಗೆ ಸಿಕ್ಕಿದ್ದು ಗಾಳಿಯ ಸದ್ದು. ಕಿರಿಯ ಇಂಜಿನಿಯರ್ ಮೋಟಾರ್ ಸೈಕಲ್ ಹತ್ತಿ ಬಂದರು. 'ಯಾರು ಬಿಟ್ಟಿದ್ದು, ಯಾವಾಗ ಬಿಟ್ಟಿದ್ದು?' ಎಂದು ಗುಡಿಯ ಮುಂದೆ ನಿಂತು ಗದರಿದರು. ಛಬುಬಾಯಿ ಬಾಯಿ ತೆರೆಯುವಷ್ಟರಲ್ಲಿ ಭೋಂಗಾ ಮಾತಾಡಿತು. 'ಕೇಳ್ರಿ ಹೋ ಕೇಳ್ರಿ! ತಪ್ಪು ನಂದು! ನನ್ನ ರಿಕ್ಷಾ ಚಾಲೂ ಆಗ್ಲಿಲ್ಲ, ನಾ ಬರೋದು ತಡ ಆತು. ಛಬುವೈನಿ ವ್ಯಾಳ್ಯಾಕ್ಕs ಬಿಟ್ಟಾರ. ಕ್ಷಮಾ ಮಾಡ್ರಿ!'

ಗಲ್ಲಿ ಕರಗಿಹೋಯಿತು. 'ಇರ್ಲಿ ಬಿಡ್ರಿ ದಾದಾ, ಯಂತ್ರ ಅಂದ್ಮ್ಯಾಲ ಕೆಡೋದs' ಎಂದರು ಹೆಂಗಸರು. ಇಂಜಿನಿಯರ್ ತಲೆ ಕೆರೆದುಕೊಂಡು ಹೋದರು. ಅವತ್ತು ಶಿಂದೆ ಅಜ್ಜಿಯ ಮನೆಯಿಂದ ಸರ್ಜೇರಾವ್‌ಗೆ ಚಹಾದ ಜೊತೆ ಅವಲಕ್ಕಿ ಪೋಹೆಯೂ ಬಂತು.

ಯಾಕೆ ಹಾಗೆ ಮಾಡಿದಿರೆಂದು ನಾನು ಸರ್ಜೇರಾವ್‌ರನ್ನು ಕೇಳಿದೆ. ಅವರು ಮೈಕಿನ ವೈರು ಸುತ್ತಿಟ್ಟರು. 'ಅಕಿ ಚಾವಿ ತಿರುವಿದ್ರ ನೀರು ಬರ್ತೈತಿ. ನಾ ಒದರಿದ್ರ ಬರೇ ಸದ್ದು ಬರ್ತೈತಿ. ಅಕಿ ಒಂದಿನ ತಿರುವ್ಲಿಲ್ಲಂದ್ರ ಊರೆಲ್ಲ ನನಗ ಸುಳ್ಳ ಅಂತೈತಿ. ನನಗೂ ಅಕಿ ಕೈ ಕಂಡ್ರ ಹೊಟ್ಟಿ ಉರೀತೈತಿ ಭಾವು. ಇದನ್ನ ಬರೀಬ್ಯಾಡ್ರಿ' ಎಂದರು. ಬರೆದಿದ್ದೇನೆ. ಶಾಲು ಅವರ ಬಳಿ ಇದೆ, ಇಷ್ಟು ನಷ್ಟ ತಡೆದುಕೊಳ್ಳಲಿ.

ಛಬುಬಾಯಿಗೆ ಆ ಉಪಕಾರ ಬಾಯೊಳಗಿನ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮಧ್ಯಾಹ್ನ ಭಾಕರಿ, ಹಸಿಮೆಣಸಿನಕಾಯಿ ಠೇಚಾ ಬಿಚ್ಚಿಕೊಂಡು ಟಾಕಿಯ ನೆರಳಲ್ಲಿ ಕೂತಾಗ ಮತ್ತೆ ಅದೇ ಮಾತು. 'ಬಂದ ನೀರು ಅವಂದು. ಚಹಾ ಅವಂದು, ಶಾಲು ಅವಂದು. ಹೋಗ್ಲಿ ಬಿಡು. ನನಗಂತ ಒಂದು ಬೈಗುಳ ಇತ್ತು. ಅವತ್ತು ಅಷ್ಟ ದೊಡ್ಡ ತಪ್ಪು ಮಾಡೀನಿ, ಒಬ್ಬಾಕಿ ಬೈಲಿಲ್ಲ. ನನ್ನ ತಪ್ಪನ್ನೂ ಅವನs ಹೊತ್ಕೊಂಡ ಹೋದಾ.'

ಪತ್ರಿಕೆಯಲ್ಲಿ ಏನು ಬರೆಯಲಿ, ನಿಮ್ಮ ಆಸೆ ಏನು ಎಂದೆ. ಪಗಾರ ಹೆಚ್ಚಾಗಲಿ ಎನ್ನುತ್ತಾರೇನೋ, ಗುಂಡಿಗೆ ಹೊಸ ಮುಚ್ಚಳ ಕೇಳುತ್ತಾರೇನೋ ಎಂದುಕೊಂಡಿದ್ದೆ.

'ಅವತ್ತು ಟೇಕಡಿ ಗಲ್ಲಿ ನೀರು ಹರಿಸಿದಾಕಿ ಛಬುಬಾಯಿ ಬಾಳಕು ಕೋಳೇಕರ್ ಅಂತ ಬರೀರಿ. ಪೂರಾ ಹೆಸರು. ರಿಕ್ಷಾ ಕೆಟ್ಟಿರ್ಲಿಲ್ಲ ಅಂತನೂ ಬರೀರಿ.'

ನಾನು ಹೆದರಿದೆ. 'ವೈನಿ, ಸಾಹೇಬರು ಓದಿದರೆ ಮೆಮೋ ಕೊಡ್ತಾರೆ.'

ಛಬುಬಾಯಿ ಭಾಕರಿಯ ಕೊನೆಯ ತುಂಡಿನಿಂದ ಠೇಚಾ ಬಳಿದು ಬಾಯಿಗಿಟ್ಟರು, ನಿಧಾನವಾಗಿ ಅಗಿದರು.

'ಕೊಡ್ಲಿ. ಅದರ ಮ್ಯಾಲ ಸರ್ಜೇರಾವ್ ಹೆಸರಂತೂ ಇರೂದಿಲ್ಲಲ್ಲ?'