ಹಸಿ ಮಡಲಿನ ಅಂಚು

ನಾನು ಹೆಣೆದು ಮನೆಗೆ ತಂದ ಮೊದಲ ಬುಟ್ಟಿ ಮರವಂತೆಯ ಹೊಳೆ ಪಾಲಾಯಿತು. ಎಸೆದವರು ನನ್ನ ಅತ್ತೆ. ಹಿತ್ತಿಲ ಬಾಗಿಲಿಂದ ಹೋಗಿ ಎಸೆದು, ಕೈಕಾಲು ತೊಳೆದುಕೊಂಡೇ ಒಳಗೆ ಬಂದರು.

ತೊಂಬತ್ತರ ದಶಕದ ಕೊನೆ. ಮದುವೆಯಾದ ಮರುವರ್ಷವೇ ನಾನು ಬ್ರಹ್ಮಾವರದ ಒಂದು ತರಬೇತಿಗೆ ಸೇರಿದ್ದೆ. ಮಗ್ಗ, ಬುಟ್ಟಿ, ಕೌದಿ ಮೂರನ್ನೂ ಕಲಿಸುತ್ತಿದ್ದರು. ಮಗ್ಗದಲ್ಲಿ ನನ್ನ ನೂಲು ದಿನಾ ಕಡಿಯುತ್ತಿತ್ತು, ಕೌದಿಯ ಹೊಲಿಗೆ ಹಾವು ಹರಿದ ಹಾಗೆ ಹೋಗುತ್ತಿತ್ತು. ಬುಟ್ಟಿ ಮಾತ್ರ ಕೈಗೆ ಒಲಿಯಿತು. ಟೀಚರು ಘಟ್ಟದ ಮೇಲಿನವರು. "ಅಂಚು ಕಟ್ಟದಿದ್ದರೆ ಅದು ಬುಟ್ಟಿಯೇ ಅಲ್ಲ" ಎನ್ನುತ್ತಿದ್ದರು. ಒಂದು ದಿನ ಅವರು "ನಾಳೆ ಎಲ್ಲರೂ ಹಸಿ ತೆಂಗಿನ ಗರಿ ತನ್ನಿ" ಎಂದಾಗ ಇಡೀ ಕೋಣೆ ಕೈಕೆಲಸ ಬಿಟ್ಟು ತಲೆಯೆತ್ತಿತು. ನಮ್ಮಲ್ಲಿ ಚಪ್ಪರಕ್ಕೆ, ಬಚ್ಚಲಿನ ಮರೆಗೆ ಮಡಲನ್ನು, ಅಂದರೆ ತೆಂಗಿನ ಒಣಗರಿಯನ್ನು, ನೀರಲ್ಲಿ ನೆನೆಹಾಕಿ ಹೆಣೆಯುವುದು. ಹಸಿಯದನ್ನು ಹೆಣೆಯುವುದು ಚಟ್ಟಕ್ಕೆ, ಅದೂ ಗಂಡಸರು. ಪಾಪ, ಟೀಚರಿಗೇನು ಗೊತ್ತು!

ಮರುದಿನ ಹಸಿ ಮಡಲು ಹಿಡಿದು ಬಸ್ಸು ಹತ್ತಿದವಳು ನಾನೊಬ್ಬಳೇ.

"ಯಾರ್ ತೀರ್ಕಂಡದ್ದ್?" ಎಂದು ಕಂಡಕ್ಟರ್ ಮೆಲ್ಲಗೆ ಕೇಳಿದ.

"ಯಾರೂ ಇಲ್ಲ. ಬ್ರಹ್ಮಾವರಕ್ಕೊಂದ್ ಟಿಕೇಟ್ ಕೊಡಿ" ಎಂದೆ.

ಸಂಜೆ ಬುಟ್ಟಿಯೊಂದಿಗೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆದರು. "ಗಂಡ ಕಡ್ಲಂಗೆ ಇಪ್ಪೊತ್ತಿಗೆ ಹಸಿ ಮಡ್ಲ್ ಹೆಣ್ಕಂಡ್ ಬಂದಿದ್ಯಲೆ, ನಿಂಗೆ ಮಂಡೆ ಸಮ ಇತ್ತಾ?"

ಅವರ ಸಿಟ್ಟು ನನಗೆ ಅರ್ಥವಾಗದ್ದಲ್ಲ. ನನ್ನ ಮಾವ ಮೀನಿಗೆ ಹೋದವರು ತಿರುಗಿ ಬಂದಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಆದರೆ ಕಡಲು ಮಾಡಿದ ತಪ್ಪಿಗೆ ನನ್ನ ಬುಟ್ಟಿಗೆ ಯಾಕೆ ಶಿಕ್ಷೆ? ಎರಡನೆಯದನ್ನು ಅಂಗಳದಲ್ಲೇ ಕೂತು, ಅವರ ಕಣ್ಣೆದುರೇ ಹೆಣೆದೆ.

ಆ ವಾರ ಗಾಳಿ ಎದ್ದಿತು. ನನ್ನ ಗಂಡನ ಬೋಟು ಹೇಳಿದ ದಿನಕ್ಕೆ ಬರಲಿಲ್ಲ. ನನಗೆ ಹೆದರಿಕೆ ಇರಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಆದರೂ ಹೆಣೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಸಿ ಮಡಲು ಅಪಶಕುನವೆಂಬ ಅತ್ತೆಯ ಮಾತು ನಿಜವೆಂದು ನಾನೇ ಒಪ್ಪಿದಂತೆ. ಕೊನೆಗೂ ಇವರು ಬಂದರು, ಬುಟ್ಟಿಯನ್ನು ತಿರುಗಿಸಿ ನೋಡಿ "ಲಾಯ್ಕ್ ಇತ್ತಲೆ" ಎಂದರು. ಅತ್ತೆ ಕೇಳಿಸದವರ ಹಾಗೆ ಮೀನು ಕೊಯ್ಯುತ್ತಿದ್ದರು.

ಕೆಲವು ತಿಂಗಳ ಮೇಲೆ ನನ್ನದೊಂದು ಬುಟ್ಟಿ ಕಾಣೆಯಾಯಿತು. ಹುಡುಕಿದರೆ, ಸೌದೆಯ ಮೂಲೆಯಲ್ಲಿ ಅತ್ತೆಯ ಕೋಳಿ ಅದರೊಳಗೆ ಕಾವಿಗೆ ಕೂತಿದೆ!

"ಎಂತ ಅತ್ತೆ, ಕೋಳಿಗೆ ಅಪಶಕುನ ಇಲ್ಯಾ?"

"ಹುಂಜ ಕಡ್ಲಿಗೆ ಹೋತಿಲ್ಲ ಅಲ್ದಾ" ಎಂದರು, ನನ್ನ ಮುಖ ನೋಡದೆ. ಸೋತೆ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನೂ ಬುಟ್ಟಿ ಬಿಡಲಿಲ್ಲ.

ಹತ್ತು ಹನ್ನೆರಡು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಊರವರು ಚಟ್ಟಕ್ಕೆ ಹಸಿ ಮಡಲು ಕಡಿದು ತಂದು ಅಂಗಳಕ್ಕೆ ಹಾಕಿದರು, ಹೆಣೆಯಲು ಮಾತ್ರ ಜನವಿಲ್ಲ. ಶಾಮಿಯಾನ ಬಂದ ಮೇಲೆ ನಮ್ಮ ಗಂಡಸರಿಗೆ ಮಡಲಿನ ಕೆಲಸವೇ ಮರೆತುಹೋಗಿತ್ತು. ಹರಿದ ಬಲೆಯನ್ನು ಕಣ್ಣುಮುಚ್ಚಿ ಸರಿಮಾಡುವ ನನ್ನ ಗಂಡ ಗರಿ ಹಿಡಿದು ತಡವರಿಸುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಕೂತೆ. ಅತ್ತೆಯ ತಮ್ಮ ಅಡ್ಡ ಬಂದರು.

"ಹೆಂಗ್ಸ್ರ್ ಇದನ್ನ ಮುಟ್ಟುಕಾಗ."

"ಹಾಂಗಾರೆ ನೀವೇ ಹೆಣಿನಿ, ಕಾಂಬ" ಎಂದೆ. ಅವರು ಹಿಂದೆ ಸರಿದರು.

ಒಂದೊಂದು ಗರಿಯನ್ನೂ ಎಳೆದು ಬಿಗಿ ಮಾಡಿದೆ. ಅಳು ಬಂತು, ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೊನೆಯಲ್ಲಿ ತುದಿಗಳನ್ನು ಒಳಗೆ ಮಡಚಿ ಅಂಚು ಕಟ್ಟತೊಡಗಿದೆ. ಚಟ್ಟದ ಮಡಲಿಗೆ ಯಾರೂ ಅಂಚು ಕಟ್ಟುವುದಿಲ್ಲ.

"ಸುಟ್ಟ್ ಹೋಪುದಕ್ಕೆ ಅಂಚ್ ಎಂತಕೆ?" ಎಂದು ಅತ್ತೆಯ ತಮ್ಮನೇ ಮತ್ತೆ ಕೇಳಿದರು.

"ಅಂಚ್ ಕಟ್ಟದೆ ನಾನ್ ಕೊಡುದಿಲ್ಲ" ಎಂದೆ. "ಈ ಸರ್ತಿ ಅತ್ತೆಗೆ ಇದನ್ನ ಹೊಳಿಗ್ ಬಿಸಾಡುಕಾತಿಲ್ಲ."