ಶಿವೈಕ್ಯರಲ್ಲ

ದೂರದೇಶದ ಸರ್ಕಾರವೊಂದು ಬಹುಕಾಲದ ಹಿಂದೆ ನಡೆದ ಸಾಮೂಹಿಕ ಹತ್ಯೆಯನ್ನು ‘ನರಮೇಧ’ ಎಂದು ಕರೆದಿತ್ತು. ಕೊಂದವರ ಮೊಮ್ಮಕ್ಕಳ ಸರ್ಕಾರಕ್ಕೆ ಸಿಟ್ಟು ಬಂದು, ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ‘ದುರದೃಷ್ಟಕರ ಘಟನೆಗಳು’ ಎಂದಿದ್ದರೆ ತಕರಾರಿರಲಿಲ್ಲವಂತೆ. ಈ ಸುದ್ದಿಯನ್ನು ನಾನು ಓದಿ ಹೇಳಿದ್ದು ತಿಪಟೂರು ಕಡೆಯ ನಮ್ಮೂರಿನಲ್ಲಿ, ಮೇಲಿನ ಬೀದಿಯ ಯಜಮಾನರ ಕೊಬ್ಬರಿ ಅಟ್ಟದ ಕೆಳಗೆ, ಕಾಯಿ ಸುಲಿಯುತ್ತಿದ್ದವರ ನಡುವೆ.

“ಸತ್ತೋರು ಎದ್ದು ಬತ್ತಾರಾ ಮೇಷ್ಟ್ರೇ? ಒಂದು ಮಾತಿಗೆ ಇಷ್ಟು ರಂಪ!” ಎಂದು ಯಜಮಾನರು ನಕ್ಕರು.

ಆ ನಗು ಬಹಳ ದಿನ ಬಾಳಲಿಲ್ಲ.

ನಮ್ಮೂರಿಗೂ ಒಂದು ‘ಘಟನೆ’ ಇದೆ. ನಾನು ಹುಟ್ಟುವ ಮೊದಲು, ಕೆರೆ ನೀರಿನ ಜಗಳದಲ್ಲಿ ಮೇಲಿನ ಬೀದಿಯವರು ಕೆಳಗಿನ ಬೀದಿಗೆ ನುಗ್ಗಿ ಸಿಕ್ಕಿದ ಗಂಡಸರನ್ನೆಲ್ಲ ಕಡಿದರು. ಮುಂದೆ ನಿಂತಿದ್ದವರು ಯಜಮಾನರ ತಂದೆ. ಊರು ಇದನ್ನು ‘ಆ ಗಲಾಟೆ’ ಎನ್ನುತ್ತದೆ, ಅದೂ ದನಿ ತಗ್ಗಿಸಿ. ಅಂದು ಸತ್ತವರ ಹೆಸರಿನ ಕಲ್ಲೊಂದನ್ನು ಈಗ ಕೆರೆ ಏರಿಯ ಮೇಲೆ ನೆಡಬೇಕೆಂದು ಎರಡೂ ಬೀದಿಯವರು ಒಪ್ಪಿದ್ದರು. ಒಕ್ಕಣೆಯ ಹೊಣೆ ನಿವೃತ್ತ ಮೇಷ್ಟ್ರಾದ ನನ್ನ ತಲೆಗೆ ಬಂತು. ನಮ್ಮಲ್ಲಿ ಯಾರು ಹೇಗೆ ಸತ್ತರೂ ‘ಶಿವೈಕ್ಯರಾದರು’ ಎಂದು ಬರೆಯುವುದು ವಾಡಿಕೆ. ಕಾಯಿ ಕೀಳಲು ಹತ್ತಿ ಮರದಿಂದ ಬಿದ್ದವನೂ ಶಿವೈಕ್ಯ, ಬಸ್ಸಿನಡಿ ಸಿಕ್ಕವನೂ ಶಿವೈಕ್ಯ. ಅದೇ ರೂಢಿಯಲ್ಲಿ ನಾನೂ ಬರೆದೆ.

ಕೆಳಗಿನ ಬೀದಿಯ ದೊಡ್ಡವ್ವನಿಗೆ ಓದಿ ಹೇಳಿದೆ. ಆಕೆಯ ತಂದೆಯನ್ನು ಕಡಿದಾಗ ಆಕೆ ತೊಟ್ಟಿಲ ಕೂಸು. ಕಲ್ಲಿಗೆ ಮೊದಲ ಹೂವು ಏರಿಸಬೇಕಾದವಳೂ ಆಕೆಯೇ.

“ಶಿವೈಕ್ಯ ಅಂದ್ರೆ ಹಾಸ್ಗೆ ಮೇಲೆ, ಬಾಯಿಗೆ ನೀರು ಬುಡಿಸ್ಕೊಂಡು ಹೋದೋರು ಕಣ್ಲಾ. ನಮ್ಮಪ್ಪನ್ನ ಅಟ್ಟಾಡಿಸ್ಕೊಂಡು ಕಡಿದ್ರು. ಅದನ್ನ ಶಿವನ ತಲೆಗ್ಯಾಕೆ ಕಟ್ತೀಯ? ಕೊಲೆಯಾದೋರು ಅಂತ ಕೆತ್ಸು. ಇಲ್ದಿದ್ರೆ ಆ ಕಲ್ಲಲ್ಲಿ ಬಟ್ಟೆ ಒಗ್ಕೊಳ್ಳಿ, ನಾನು ಬರಾಕಿಲ್ಲ.”

ಅಂದಿನಿಂದ ನಾನು ಎರಡು ಬೀದಿಗಳ ನಡುವಿನ ವಿದೇಶಾಂಗ ಸಚಿವನಾದೆ. ಸರ್ಕಾರಿ ಕಾರಿರಲಿಲ್ಲ, ಹಳೆಯ ಮೊಪೆಡ್ ಇತ್ತು. ‘ಕೊಲೆ’ ಬೇಡವೆಂದ ಯಜಮಾನರ ಕಡೆಯಿಂದ ‘ಮಡಿದವರು’ ಎಂಬ ಪದ ಹೊರಟಿತು. “ಯುದ್ಧಕ್ಕೆ ಹೋಗಿದ್ರಾ?” ಎಂದು ದೊಡ್ಡವ್ವ ಹಿಂದಿರುಗಿಸಿದಳು. ‘ಗಲಾಟೆಯಲ್ಲಿ ತೀರಿಕೊಂಡವರು’ ಅವಳ ಹೊಸ್ತಿಲನ್ನೇ ದಾಟಲಿಲ್ಲ.

ಕೊನೆಗೆ ಯಜಮಾನರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಸುತ್ತ ತೆಂಗಿನ ಮರಗಳಲ್ಲದೆ ಬೇರೆ ಕಿವಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು: “ನಮ್ಮಪ್ಪ ಕೊಂದಿದ್ದು ನಿಜ ಕಣ್ರೀ. ಯಾರು ಇಲ್ಲ ಅಂದ್ರು? ಅದು ಮನೇಲಿ ಆಡೋ ಮಾತು. ಕಲ್ಲಲ್ಲಿ ಕೆತ್ತುದ್ರೆ ನನ್ನ ಮೊಮ್ಮಕ್ಳು ದಿನಾ ಅದರ ಮುಂದೇನೇ ಸ್ಕೂಲಿಗೆ ಹೋಗ್ಬೇಕು.”

“ಕೆಳಗಿನ ಬೀದಿ ಮಕ್ಕಳೂ ಅದೇ ದಾರೀಲಿ ಹೋಗೋದು, ಯಜಮಾನ್ರೇ.”

ಅವರು ದಾರಿಗೆ ಬಿದ್ದಿದ್ದ ಗರಿಯೊಂದನ್ನು ಎಳೆದು ಬದಿಗೆ ಹಾಕಿದರು. ಸ್ವಲ್ಪ ದೂರ ನಡೆದ ಮೇಲೆ, “ಕೊಲೆ ಅಂತ್ಲೇ ಹಾಕ್ಸಿ. ಯಾರು ಮಾಡಿದ್ರು ಅನ್ನೋದು ಬೇಡ. ನಾನು ಮಾತ್ರ ಅವತ್ತು ಬರಲ್ಲ” ಎಂದರು.

ಈ ಒಡಂಬಡಿಕೆಯನ್ನು ದೊಡ್ಡವ್ವನ ಮುಂದಿಟ್ಟೆ. “ಯಾರು ಅಂತ ಈ ಊರಿಗೆ ಕಲ್ಲು ಬೇರೆ ಹೇಳ್ಬೇಕಾ? ಸಾಕು ಬುಡು” ಎಂದಳು.

ತುರುವೇಕೆರೆಯಿಂದ ಬಂದ ಕಲ್ಲುಕುಟಿಗ ಹೆಸರುಗಳ ಮೇಲೆ ‘ಕೊಲೆಯಾದವರು’ ಎಂದು ಕೆತ್ತಿದ. ಕಲ್ಲು ನೆಟ್ಟ ದಿನ ಯಜಮಾನರು ಮಾತಿಗೆ ತಪ್ಪದೆ ಗೈರುಹಾಜರಾದರು. ಆದರೆ ಸೊಸೆಯ ಕೈಯಲ್ಲಿ, ಸಿಪ್ಪೆಯನ್ನೂ ಸುಲಿಸದೆ, ತಮ್ಮ ತೋಟದ ಕಾಯಿಯೊಂದನ್ನು ಪೂಜೆಗೆ ಕಳಿಸಿದ್ದರು. ದೊಡ್ಡವ್ವ ಹೂವು ಏರಿಸಿ, ನಾವು ತಂದಿದ್ದ ಕಾಯಿಗಳನ್ನು ಒಡೆಸಿದಳು. ಯಜಮಾನರದ್ದು ಹಾಗೇ ಉಳಿಯಿತು.

“ಇದೊಂದನ್ನ ಯಾಕೆ ಬಿಟ್ರಿ ಅಜ್ಜಿ?” ಎಂದು ಸೊಸೆ ಕೇಳಿದಳು.

“ಕಳ್ಸಿದೋನು ನಡ್ಕೊಂಡು ಬರ್ಲಿ ಕಣವ್ವ, ಅವತ್ತು ಒಡೆದ್ರಾಯ್ತು. ಅಲ್ಲೀಗಂಟ ನಮ್ಮನೆ ಅಟ್ಟದಲ್ಲಿರ್ತದೆ.”

ಅಟ್ಟಕ್ಕೆ ಹಾಕಿದ ಕಾಯಿ ನೀರಿಂಗಿ ಕೊಬ್ಬರಿಯಾಗಲು ನಮ್ಮ ಕಡೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕೊಬ್ಬರಿಯಾದದ್ದನ್ನು ಯಾರೂ ದೇವರ ಮುಂದೆ ಒಡೆಯುವುದಿಲ್ಲ. ಮೊನ್ನೆ ದೊಡ್ಡವ್ವ ನನ್ನ ಕೈಲಿ ಅದನ್ನು ಇಳಿಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಇನ್ನೂ ಕುಲುಕಿತು.

“ನೀರದೆ ಅಂತ ಹೇಳು ಅವನಿಗೆ” ಎಂದಳು.

ನಾನು ಮೊಪೆಡ್ ಹತ್ತಿದೆ.